ಇನ್ನೊಬ್ಬರು ಕೇಳುತ್ತಿದ್ದಾರೆ, ನಿಲ್ಲಿಸಲೇ?

‘ಈ ಕಡತ ಸಿಗುತ್ತಿಲ್ಲ. ನೀವೇ ಹುಡುಕಿ ಕೊಡುತ್ತೀರಾ?’

ಪರದೆಯ ಮೇಲೆ ಆ ಪ್ರಶ್ನೆ ನಿನ್ನೆ, ಅಂದರೆ ಮಂಗಳವಾರ, ಮಧ್ಯಾಹ್ನ ಹನ್ನೆರಡರಿಂದ ಹಾಗೇ ನಿಂತಿತ್ತು. ಕೆಳಗೆ ಎರಡು ಗುಂಡಿ: ‘ಹೌದು’, ‘ಬೇಡ’. ಒತ್ತುವವರು ಯಾರೂ ಇರಲಿಲ್ಲ.

"ಮುಟ್ಟಬೇಡ," ಎಂದಳು ಎಫಿ ಗಿಲಿಸ್.

ಆಲ್ಬನ್ ಪೊಯ್ರಿಯೆ ಮೌಸಿನ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಊರಿನ ಪುಟ್ಟ ರೇಡಿಯೋ ಕೇಂದ್ರ ಅವನ ಕೂಸು. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಮೇಲೆ, ಚರ್ಚಿಗೆ ಸೇರಿದ ಪ್ಯಾರಿಷ್ ಹಾಲಿನ ನೆಲಮಾಳಿಗೆಯ ಈ ಬಾಯ್ಲರ್ ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟು ಅದನ್ನು ಹುಟ್ಟಿಸಿದ್ದ. ಒಂದು ಕಡೆ ಬಿಂಗೋ ಹಲಗೆ, ಇನ್ನೊಂದು ಕಡೆ ಕ್ರಿಸ್‌ಮಸ್ ಕೊಟ್ಟಿಗೆಯ ಗಚ್ಚಿನ ಕುರಿಗಳು. ನಡುವೆ ಯಂತ್ರ.

ಆ ಯಂತ್ರದಲ್ಲಿದ್ದದ್ದು ಕ್ಯಾಪ್ಟನ್ ಹೆಕ್ಟರ್ ಸಾಯುವ ಮುಂಚೆ ಆಸ್ಪತ್ರೆಯ ಹಾಸಿಗೆಯಿಂದ ಆಡಿದ ನಲವತ್ತೊಂದು ನಿಮಿಷದ ಮಾತು. ಅದು ಬಿತ್ತರವಾಗಬೇಕಿದ್ದ ಹೊತ್ತಿಗೇ ಇಡೀ ಊರಿಗೆ ಬರೀ ಮೌನ ಕೇಳಿಸಿತ್ತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಮೇ ತಿಂಗಳಲ್ಲಿ ಮುಳುಗಿದ, ಹೆಕ್ಟರ್ ನಡೆಸುತ್ತಿದ್ದ ಲಾಬ್‌ಸ್ಟರ್ ಹಿಡಿಯುವ ದೋಣಿಯ ತಳದಲ್ಲಿ ನೀರು ಹೊರಬಿಡುವ ತೂಬನ್ನು ಮುಚ್ಚದೆ ಬಿಟ್ಟವಳು ದೋಣಿಯಾಳು ಉನಾ ಕಾರ್ಮಿಯೆ ಎಂದು ತೀರ್ಪಾದರೆ, ಇಪ್ಪತ್ತಾರು ವರ್ಷದ ಆ ಹುಡುಗಿ ಇನ್ನು ಜನ್ಮದಲ್ಲಿ ಯಾವ ದೋಣಿಯನ್ನೂ ಹತ್ತುವ ಹಾಗಿಲ್ಲ. ಅವಳಿಗೆ ದೋಣಿ ಬಿಟ್ಟು ಬೇರೆ ಏನೂ ಗೊತ್ತಿಲ್ಲ.

"‘ತೂಬಿಗೆ ತುಕ್ಕು ಹಿಡಿದಿದೆ ಅಂತ ಮಾಲೀಕ ವೆಂಡಲ್‌ಗೆ ಮೂರು ಸಲ ಹೇಳಿದೆ, ಅವನು ಕೇಳಲಿಲ್ಲ, ಗೊತ್ತಿದ್ದೂ ದೋಣಿ ಇಳಿಸಿದ್ದು ನನ್ನ ತಪ್ಪು.’ ಹೆಕ್ಟರ್ ಹೇಳಿದ್ದರ ಸಾರ ಇಷ್ಟೇ," ಎಂದ ಆಲ್ಬನ್. "ನನ್ನ ಈ ಕಿವಿಯಾರೆ ಕೇಳಿದೀನಿ."

"ನೀನು ಉನಾಳ ಅಮ್ಮನಿಗೆ ಅಣ್ಣನಾಗಬೇಕು. ನಿನ್ನ ಕಿವಿಯನ್ನ ಯಾರು ನಂಬ್ತಾರೆ? ಇನ್ನೊಂದು ಪ್ರತಿ ಎಲ್ಲಿ?"

ಆಲ್ಬನ್ ಕುರಿಗಳ ಕಡೆ ನೋಡಿದ. "ರೆಕಾರ್ಡರಿನಲ್ಲಿ ಇತ್ತು. ಅದರ ಮೇಲೇ ಬಿಂಗೋ ಜಾಹೀರಾತು ರೆಕಾರ್ಡ್ ಮಾಡಿಬಿಟ್ಟೆ."

ಎಫಿ ಬಾಯಿಗೊಂದು ಪೆಪ್ಪರ್‌ಮಿಂಟ್ ಹಾಕಿಕೊಂಡು, ಬಾಯ್ಲರಿನಿಂದ ಬಾಗಿಲಿಗೆ, ಬಾಗಿಲಿನಿಂದ ಬಾಯ್ಲರಿಗೆ ನಡೆದಳು. ಕರಾವಳಿ ಕಾವಲು ಪಡೆಯ ರೇಡಿಯೋ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಕೂತು ಕೂತು ಸಾಕಾಗಿ, ಈಗ ಎಲ್ಲೂ ಕೂರದವಳು ಅವಳು. ಉನಾಳ ವಕೀಲ ಈ ಕಡತ ಹುಡುಕುವ ಕೆಲಸ ಒಪ್ಪಿಸಿ ಒಂದು ದಿನವೂ ಆಗಿರಲಿಲ್ಲ.

"ಇದಕ್ಕೆ ಬೀಗ?"

"ಯಾವ ಬೀಗ? ಬಾಗಿಲಿಗೆ ಮೂರು ಕೀಲಿ. ನಂದು, ಚರ್ಚಿಗೆ ಹೂವಿಡೋ ಕ್ರಿಸ್ಟಿಯದು, ಸಮಿತಿಯ ಅಧ್ಯಕ್ಷ ವೆಂಡಲ್‌ದು."

"ಯಂತ್ರಕ್ಕೆ, ಆಲ್ಬನ್. ಪಾಸ್‌ವರ್ಡ್."

"ಓ. ಅದನ್ನ ತೆಗೆದುಹಾಕಿದೆ," ಎಂದ ಆಲ್ಬನ್. "ನೋಡು, ಇದು ರೇಡಿಯೋ ನಡೆಸೋಕೆ ಹುಟ್ಟಿದ ತಂತ್ರಾಂಶವೇ ಅಲ್ಲ. ಮನೇಲಿ ಒಬ್ಬ ಮೇಜಿನ ಮುಂದೆ ಕೂತು ಹಾಡು ಕೇಳೋಕೆ ಮಾಡಿದ್ದು. ಎದುರಿಗೆ ಮನುಷ್ಯ ಇದಾನೆ ಅಂತ್ಲೇ ಅದರ ನಂಬಿಕೆ. ತೊಡಕು ಬಂದ್ರೆ ಕೇಳುತ್ತೆ, ಉತ್ತರಕ್ಕೆ ಕಾಯುತ್ತೆ. ಕರೆಂಟು ಹೋಗಿ ಬಂದ್ರೆ ತಾನೇ ಎದ್ದು ಹಾಡಬೇಕಲ್ಲ? ಪಾಸ್‌ವರ್ಡ್ ಕೇಳ್ತಾ ಕೂತ್ರೆ ಜನವರಿಯಲ್ಲಿ ನಾನು ಹಿಮ ತೋಡ್ಕೊಂಡು ಇಲ್ಲಿಗೆ ಬರಬೇಕು."

"ಕಡತಗಳಿರೋ ಫೋಲ್ಡರ್?"

"ಹಾಲಿನ ವೈಫೈಗೆ ಸೇರಿದೋರು ಯಾರು ಬೇಕಾದ್ರೂ ತೆರೀಬಹುದು. ಇಲ್ಲಿರೋ ಹಾಡನ್ನ ಅವರವರ ಫೋನಲ್ಲೇ ಕೇಳಬಹುದು. ಗಾಯಕರ ತಂಡದೋರು ತಮ್ಮ ಹಾಡು ತಾವೇ ಹಾಕ್ಲಿ ಅಂತ ಅದಕ್ಕೂ ಬಿಟ್ಟಿದೀನಿ."

"ಹಾಕಬಹುದು ಅಂದ್ರೆ ತೆಗೀಲೂಬಹುದು."

"ಹಾಕೋ ಕೈ ತೆಗೆಯುತ್ತೆ ಅಂತ ನನಗೆ ಹೊಳೀಲೇ ಇಲ್ಲ, ಎಫಿ."

"ವೈಫೈ ಪಾಸ್‌ವರ್ಡ್?"

ಆಲ್ಬನ್ ಬಿಂಗೋ ಹಲಗೆಯ ಮೂಲೆ ತೋರಿಸಿದ. ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿತ್ತು.

"ಹಾಗಾದ್ರೆ ಇದಕ್ಕಿರೋ ಕಾವಲು ಯಾವುದು, ಮಾರಾಯ?"

ಪರದೆಯ ಮೇಲೆ ಅಂಟಿಸಿದ್ದ ಚೀಟಿಯನ್ನು ಅವನು ಬೆರಳಿನಿಂದ ಸವರಿದ. ‘ದಯವಿಟ್ಟು ಮುಟ್ಟಬೇಡಿ. ರೇಡಿಯೋ ಓಡುತ್ತಿದೆ.’

"ಅದರ ಕೆಳಗೆ ‘ದೇವರು ನೋಡುತ್ತಿದ್ದಾನೆ’ ಅಂತಲೂ ಬರೀಬೇಕಿತ್ತು," ಎಂದಳು ಎಫಿ. "ಶುಕ್ರವಾರ ಅವನನ್ನಾದ್ರೂ ಸಾಕ್ಷಿಗೆ ಕರೀಬಹುದಿತ್ತು."

ಮೇಲೆ ಹಾಲಿನ ಗಡಿಯಾರ ಒಂದು ಹೊಡೆಯಿತು. ಮೂರಕ್ಕೆ ವೆಂಡಲ್ ಕ್ರೂ ಬರುವವನಿದ್ದ. ಮುಳುಗಿದ ದೋಣಿಯ ಮಾಲೀಕನೂ ಅವನೇ. ‘ಕೆಟ್ಟ ಯಂತ್ರ ಸಮಿತಿಯ ಆಸ್ತಿ, ರಿಪೇರಿಗೆ ಒಯ್ಯುತ್ತೇನೆ’ ಎಂದು ಬೆಳಿಗ್ಗೆಯೇ ಹೇಳಿ ಕಳಿಸಿದ್ದ.

ಎಫಿ ಪರದೆಯ ಹತ್ತಿರ ಬಾಗಿದಳು. ಪ್ರಶ್ನೆಯ ಹಿಂದೆ ಉದ್ದನೆಯ ಪಟ್ಟಿ ಕಾಣುತ್ತಿತ್ತು. ಕಡತ ಹೋಗಿದ್ದರೂ ಪಟ್ಟಿಯಲ್ಲಿ ಅದರ ಹೆಸರು ಉಳಿದಿತ್ತು: ‘ಹೆಕ್ಟರ್ ಜಾನಿ ಬಾನ್’.

ನಮ್ಮ ಕೇಪ್ ಬ್ರೆಟನ್ ದ್ವೀಪದಲ್ಲಿ ಹಾಗೇ. ಒಂದೇ ಪ್ಯಾರಿಷ್‌ನಲ್ಲಿ ಹದಿನಾಲ್ಕು ಜನ ಹೆಕ್ಟರ್ ಇದ್ದಾರೆ, ಅದರಲ್ಲಿ ಒಂಬತ್ತು ಮಂದಿ ರಾಂಕಿನ್ ಮನೆತನದವರು. ಮನೆತನದ ಹೆಸರು ಕಾಗದಕ್ಕೆ, ಕರೆಯಲು ಅಪ್ಪನ ಹೆಸರು. ಬಾನ್ ಅಂದರೆ ಬಿಳಿ. ಈತ ಹೆಕ್ಟರ್, ಬೆಳ್ಳನೆ ಕೂದಲಿನ ಜಾನಿಯ ಮಗ.

"ವೆಂಡಲ್ ಈ ಊರಿಗೆ ಬಂದು ಇಪ್ಪತ್ತು ವರ್ಷ ಆಯ್ತು. ಇವತ್ತಿಗೂ ಅವನ ಬಾಯಲ್ಲಿ ಹೆಕ್ಟರ್ ‘ಮಿಸ್ಟರ್ ರಾಂಕಿನ್’," ಎಂದಳು ಎಫಿ. "ರಾಂಕಿನ್ ಅಂತ ಹುಡುಕಿದ್ರೆ ಇಲ್ಲಿ ಏನು ಸಿಗುತ್ತೆ?"

"ಎಂಬತ್ತು ಪಿಟೀಲಿನ ಹಾಡು ಸಿಗುತ್ತೆ. ಇದು ಸಿಗಲ್ಲ."

"ಅಂದ್ರೆ ತೆಗೆದೋರಿಗೆ ಊರಿನ ಹೆಸರು ಗೊತ್ತಿತ್ತು. ಹೆಸರಿನ ಪಕ್ಕದಲ್ಲಿ ನಾಲ್ಕು ಅಂತ ಇದೆಯಲ್ಲ, ಏನದು?"

"ಎಷ್ಟು ಸಲ ಕೇಳಿದ್ದು ಅಂತ ಗುರುತು. ಕೊನೇತನಕ ಕೇಳಿದ್ರೆ ಮಾತ್ರ ಸೇರಿಸುತ್ತೆ. ನಡುವೆ ಎದ್ದು ಹೋದ್ರೆ ಇಲ್ಲ. ಫೋನಲ್ಲಿ ಕೇಳಿದ್ರೂ ಇಲ್ಲ. ಈ ಪರದೆ ಮುಂದೆ ಕೂತು..." ಆಲ್ಬನ್ ಮಾತು ನಿಲ್ಲಿಸಿದ. "ನಾಲ್ಕಾ? ನಾನು ಹಾಕಿದ ಮೇಲೆ ಒಂದು ಸಲವೂ ಕೇಳಿಲ್ಲ. ಇಲ್ಲಿ ಹಾಕಿದ್ರೆ ನೇರ ರೇಡಿಯೋದಲ್ಲಿ ಹೋಗುತ್ತೆ. ಊರಿಗೇ ಕೇಳಿಸಿರೋದು!"

"ಯಾವಾಗ ಹೋಗಲ್ಲ?"

ಅವನು ತುಸು ಯೋಚಿಸಿದ. "ಭಾನುವಾರದ ಪೂಜೆ ಹೊತ್ತಲ್ಲಿ. ಹತ್ತರಿಂದ ಹನ್ನೊಂದರ ತನಕ ಚರ್ಚಿನ ಮೈಕು ರೇಡಿಯೋಗೆ ಹೋಗುತ್ತೆ. ಯಂತ್ರ ತನ್ನ ಪಾಡಿಗೆ ಹಾಡ್ಕೊಂಡಿರುತ್ತೆ."

ಪಟ್ಟಿಯ ಪ್ರಕಾರ ಕೊನೆಯ ಸಲ ಕೇಳಿ ಮುಗಿದದ್ದು ಭಾನುವಾರ ಹತ್ತು ನಲವತ್ತೆರಡಕ್ಕೆ. ಆಲ್ಬನ್ ಫೋಲ್ಡರ್ ತೆರೆದು ನೋಡಿದ. ಅದರಲ್ಲಿ ಕೊನೆಯ ಬದಲಾವಣೆ ಆದದ್ದು ಅದೇ ಭಾನುವಾರ, ಹತ್ತು ಐವತ್ತೆಂಟಕ್ಕೆ.

ಹೆಕ್ಟರ್ ಸತ್ತ ಮೇಲೆ ನಾಲ್ಕು ಭಾನುವಾರ ಕಳೆದಿದ್ದವು.

ನಾಶ ಮಾಡಬೇಕೆಂದವರು ಒಂದು ಸಲ ಕೇಳಿದರೆ ಹೆಚ್ಚು. ವಾರಕ್ಕೊಂದು ಸಲ ಬಂದು, ನಲವತ್ತೊಂದು ನಿಮಿಷ ಕೊನೆಯವರೆಗೆ ಕೂತು ಕೇಳಿಕೊಂಡು ಹೋಗುವವರು ಯಾರು?

ಎಫಿ ಕೋಟು ಎತ್ತಿಕೊಂಡಳು. ಅಷ್ಟರಲ್ಲಿ ಫೋನು ಬಂತು. ಮೀನು ಪ್ಯಾಕ್ ಮಾಡುವ ಕಾರ್ಖಾನೆಯಿಂದ ಉನಾ.

"ಎಫಿ, ಸಿಕ್ತಾ?"

"ಇಲ್ಲ. ನೀನು ಕೊಟ್ಟ ಹೇಳಿಕೆಯಲ್ಲಿ ಏನಾದ್ರೂ ಬದಲಿಸೋದು ಇದೆಯಾ, ಹುಡುಗಿ? ಇದ್ರೆ ಈಗಲೇ ಹೇಳು."

"ಎಷ್ಟು ಸಲ ಹೇಳ್ಲಿ?" ಹಿಂದೆ ಯಂತ್ರಗಳ ಗದ್ದಲ. "ನೀರು ಸೊಂಟದ ತನಕ ಬಂದಿತ್ತು. ದೋಣಿಯ ರೇಡಿಯೋ ಸತ್ತಿತ್ತು. ಹೆಕ್ಟರ್‌ನ ಫೋನು ನನ್ನ ಕೈಯಲ್ಲೇ ಇತ್ತು, ಕರೆ ಮಾಡ್ತಿದ್ದೆ. ಅಲೆ ಬಂತು, ಕೈಯಿಂದ ಕಿತ್ಕೊಂಡು ಹೋಯ್ತು. ಅದನ್ನೇ ಸಾಯೋ ತನಕ ಹೇಳ್ತೀನಿ. ಎರಡೂವರೆಗೆ ಪಾಳಿ ಮುಗಿಯುತ್ತೆ, ಹಾಲಿಗೇ ಬರ್ತೀನಿ."

*

ಹೆಕ್ಟರ್‌ನ ವಿಧವೆ ಕ್ರಿಸ್ಟಿಯ ಅಡುಗೆಮನೆಯ ಕಿಟಕಿಯಲ್ಲಿ ರೇಡಿಯೋ ಬುಸುಗುಟ್ಟುತ್ತಿತ್ತು. ನಿನ್ನೆಯಿಂದ ಏನೂ ಬರದಿದ್ದರೂ ಅವಳು ಆರಿಸಿರಲಿಲ್ಲ.

"ಕೂತ್ಕೋ, ಎಫಿ."

"ನಿಂತೇ ಇರ್ತೀನಿ."

"ನಿಂತು ಕುಡಿದ್ರೆ ಟೀ ಮಂಡಿಗೆ ಇಳಿಯುತ್ತೆ, ಆಮೇಲೆ ನನ್ನ ಬೈಬೇಡ," ಎಂದು ಕ್ರಿಸ್ಟಿ ಕಪ್ಪನ್ನು ಮೇಜಿನ ಅಂಚಿಗೆ ಇಟ್ಟಳು. ತಟ್ಟೆಯಲ್ಲಿ ಓಟ್‌ಕೇಕ್ ಇಟ್ಟಳು.

"ನಾಲ್ಕು ಭಾನುವಾರದಿಂದ ಪೂಜೆಗೆ ಎಷ್ಟು ಹೊತ್ತಿಗೆ ಹೋಗ್ತಿದ್ದೀಯ?"

"ಪೂಜೆ ಹತ್ತಕ್ಕಲ್ವಾ?"

"ಪೂಜೆ ಎಷ್ಟಕ್ಕೆ ಅಂತ ಕೇಳಲಿಲ್ಲ. ಬರೋ ದಾರಿಯಲ್ಲಿ ಆಲ್ಬನ್‌ಗೆ ಫೋನ್ ಮಾಡಿ ವಿಚಾರಿಸಿದೆ. ಅವನು ಅಟ್ಟದ ಮೇಲೆ ಮೈಕು ನೋಡ್ಕೊಂಡು ಕೂತಿರ್ತಾನೆ, ಅಲ್ಲಿಂದ ಎಲ್ಲರ ನೆತ್ತಿ ಕಾಣುತ್ತೆ. ನಿನ್ನ ನೆತ್ತಿ ಪೂಜೆಯ ಕೊನೆಗೆ, ಪರಮಪ್ರಸಾದ ಕೊಡೋ ಹೊತ್ತಿಗೆ ಬರುತ್ತಂತೆ."

"ದೇವರ ಕಡೆ ನೋಡೋದು ಬಿಟ್ಟು ಆ ಮನುಷ್ಯ ನನ್ನ ನೆತ್ತಿ ನೋಡ್ತಾನಾ?"

"ಕ್ರಿಸ್ಟಿ."

ಅವಳು ಪಾತ್ರೆ ಒರೆಸುವ ಬಟ್ಟೆಯನ್ನು ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು.

"ಹತ್ತು ನಲವತ್ತೆರಡಕ್ಕೆ ಕೇಳಿ ಮುಗಿಸಿದ್ದೀಯ," ಎಂದಳು ಎಫಿ. "ಹತ್ತು ಐವತ್ತೆಂಟಕ್ಕೆ ಕಡತ ಇಲ್ಲ. ಕೀಲಿ ನಿನ್ನ ಹತ್ರ ಇದೆ. ಹೆಕ್ಟರ್ ತಪ್ಪು ಒಪ್ಪಿಕೊಂಡಿದ್ದು ಊರಿಗೆಲ್ಲಾ ಗೊತ್ತಾದ್ರೆ ಅವನ ಹೆಸರು ಕೆಡುತ್ತೆ. ಅದು ನನಗೆ ಅರ್ಥ ಆಗುತ್ತೆ. ಆದ್ರೆ ಬದುಕಿರೋ ಹುಡುಗಿ ಒಬ್ಬಳಿದಾಳೆ. ಕೊಟ್ಟುಬಿಡು."

"ನಾನು ಕೇಳಿದ್ದು ನಿಜ. ತೆಗೆದಿಲ್ಲ."

"ಹಾಗಂತ ಶುಕ್ರವಾರ ಅಲ್ಲಿ ಹೇಳಿದ್ರೆ ನಗ್ತಾರೆ."

"ನಗಲಿ!" ಬಟ್ಟೆ ಮೇಜಿನ ಮೇಲೆ ಬಿತ್ತು. "ಹೆಸರು ಕೆಡಲಿ ಅಂತ್ಲೇ ಅವನು ಹೇಳಿದ್ದು. ಉಸಿರು ಸಾಲ್ತಿರಲಿಲ್ಲ, ಆದ್ರೂ ಹೇಳಿದ. ನಾನು ಅದನ್ನ ಬಚ್ಚಿಡ್ತೀನಾ? ಮಂಗಳವಾರ ಹನ್ನೊಂದೂವರೆಗೇ ಒಳ್ಳೇ ಬಟ್ಟೆ ಹಾಕ್ಕೊಂಡು ಈ ಕುರ್ಚಿಯಲ್ಲಿ ಕೂತಿದ್ದೆ. ರೇಡಿಯೋದಲ್ಲಿ ಬಂದ ಮೇಲೆ ಜನ ಬಾಗಿಲು ತಟ್ತಾರಲ್ಲ. ಬೈಯೋಕೋ, ಸಮಾಧಾನ ಹೇಳೋಕೋ. ಯಾವುದಕ್ಕೆ ಬಂದ್ರೂ ಏಪ್ರನ್ನಿನಲ್ಲಿ ಬಾಗಿಲು ತೆಗೀಬಾರದು ಅಂತ."

ಎಫಿ ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತಳು.

"ಮತ್ತೆ ನಾಲ್ಕು ಸಲ ಯಾಕೆ?"

"ಹದಿನೇಳನೇ ನಿಮಿಷದಲ್ಲಿ ಕೆಮ್ಮುತ್ತಾನೆ. ಕೆಮ್ಮಿ, ‘ಕ್ರಿಸ್ಟಿ, ನೀರು’ ಅಂತಾನೆ. ನಾನು ಆಗ ಕೆಳಗೆ ಆಸ್ಪತ್ರೆಯ ಅಂಗಳದಲ್ಲಿದ್ದೆ. ನೀರು ಕೊಟ್ಟೋನು ಆಲ್ಬನ್."

ರೇಡಿಯೋ ಬುಸುಗುಟ್ಟಿತು.

"ಅದನ್ನು ಕೇಳಿ ಎದ್ದು ಬರಬಹುದಿತ್ತಲ್ಲ. ಕೊನೇತನಕ ಯಾಕೆ ಕೂತೆ?"

"ಅವನಿನ್ನೂ ಮಾತಾಡ್ತಿರೋವಾಗ ಎದ್ದು ಹೋಗೋಕಾಗುತ್ತಾ?" ಕ್ರಿಸ್ಟಿ ಕಣ್ಣು ಒರೆಸಿಕೊಂಡಳು. "ಅವನ ಫೋನಿಗೂ ಕರೆ ಮಾಡ್ತೀನಿ ನಾನು, ಹುಚ್ಚಿ ಅನ್ನು ಬೇಕಾದ್ರೆ. ಕಡಲಲ್ಲಿ ಹೋಯ್ತಲ್ಲ, ರಿಂಗೇ ಆಗಲ್ಲ. ನೇರ ಅವನ ದನಿ ಬರುತ್ತೆ. ‘ಹೆಕ್ಟರ್ ಇಲ್ಲ, ಹೇಳೋದಿದ್ರೆ ಹೇಳಿ’ ಅಂತ. ಅದು ನಾಲ್ಕು ಮಾತು. ಇದು ನಲವತ್ತೊಂದು ನಿಮಿಷ."

"ಈ ಭಾನುವಾರ ಮುಗಿದ ಮೇಲೆ ಏನು ಮಾಡಿದೆ? ಒಂದೊಂದಾಗಿ ಹೇಳು."

ಕ್ರಿಸ್ಟಿ ಹಿಂಜರಿದಳು. "ನಗಬೇಡ."

"ನನ್ನ ಮುಖ ನೋಡು. ನಗೋ ಹಾಗಿದೆಯಾ?"

"ಬೇರೆ ಸಲ ಹಾಗೇ ಬಿಟ್ಟು ಬರ್ತಿದ್ದೆ. ಈ ಸಲ ಕಣ್ಣು ಮಂಜಾಗಿತ್ತು. ಮೂಲೆಯ ಗುಂಡಿ ಒತ್ತಿಬಿಟ್ಟೆ, ಎಲ್ಲ ಮುಚ್ಚೋ ಗುಂಡಿ. ತಕ್ಷಣ ಒಂದು ಚೌಕ ಎದ್ದು ಬಂತು." ಅವಳ ದನಿ ತಗ್ಗಿತು. "‘ಇನ್ನೊಬ್ಬರು ಕೇಳುತ್ತಿದ್ದಾರೆ. ನಿಲ್ಲಿಸಲೇ?’ ಅಂತ."

ಎಫಿಯ ಕೈ ಕಪ್ಪಿನ ಹತ್ತಿರವೇ ನಿಂತಿತು.

"ಆ ಕೋಣೇಲಿ ಇದ್ದಿದ್ದು ನಾನು, ಮತ್ತೆ ಆ ಗಚ್ಚಿನ ಕುರಿಗಳು. ಇನ್ಯಾರು ಕೇಳ್ತಾರೆ? ಹೆಕ್ಟರೇ ಬಂದು ತನ್ನ ಮಾತು ತಾನು ಕೇಳ್ತಿದಾನೇನೋ ಅನ್ನಿಸ್ತು. ‘ಬೇಡ’ ಒತ್ತಿ, ಕೋಟು ಹಾಕೋದನ್ನೂ ಬಿಟ್ಟು ಓಡಿದೆ. ಹತ್ತು ಐವತ್ತಕ್ಕೆ ಫಾದರ್ ಕ್ಯಾಮರಾನ್ ನನ್ನ ನಾಲಿಗೆ ಮೇಲೆ ಪ್ರಸಾದ ಇಟ್ಟರು. ಆಮೇಲೆ ಕೊನೇ ಹಾಡಿನ ತನಕ ಅವರ ಕಣ್ಣೆದುರಿಗೇ ಇದ್ದೆ. ಕೇಳು ಬೇಕಾದ್ರೆ."

"ಇದನ್ನ ನಿನ್ನೆ ಯಾಕೆ ಹೇಳಲಿಲ್ಲ, ಮಾರಾಯ್ತಿ?"

"ನಿನ್ನೆ ಕೇಳಿದ್ದು ವೆಂಡಲ್. ಅವನಿಗೆ ನಾನು ಟೀ ಕೂಡ ಕೊಡಲಿಲ್ಲ."

ಎಫಿ ಆಗಲೇ ಬಾಗಿಲಲ್ಲಿದ್ದಳು. ಟೀ ಕಪ್ಪಿನಲ್ಲೇ ಉಳಿಯಿತು.

*

"ವೈಫೈ ಎಷ್ಟು ದೂರ ಹೋಗುತ್ತೆ?" ಮೆಟ್ಟಿಲಿಳಿಯುತ್ತಲೇ ಕೇಳಿದಳು.

"ಅಂಗಳ ದಾಟಲ್ಲ," ಎಂದ ಆಲ್ಬನ್. ಗಡಿಯಾರದಲ್ಲಿ ಎರಡು ನಲವತ್ತೈದಾಗಿತ್ತು.

"ಅಂದ್ರೆ ಪೂಜೆ ನಡೀತಿರೋವಾಗ ಒಬ್ಬರು ಈ ಅಂಗಳದಲ್ಲಿ ಫೋನು ಹಿಡ್ಕೊಂಡು ಕೂತಿದ್ರು. ಕ್ರಿಸ್ಟಿ ಒಳಗೆ ಕೇಳ್ತಿದ್ದಳು, ಅವರು ಹೊರಗೆ. ಅವಳು ಹೋದ ಮೇಲೆ ಕೂತಲ್ಲಿಂದಲೇ ಕಡತ ತೆಗೆದ್ರು. ಕೀಲಿಯೇ ಬೇಕಾಗಿರಲಿಲ್ಲ. ನಿನ್ನ ವೈಫೈ ಪೆಟ್ಟಿಗೆ, ಯಾರು ಸೇರಿದ್ರು ಅಂತ ನೆನಪಿಟ್ಕೊಳ್ಳುತ್ತಾ?"

"ಎಂಟು ದಿನದ್ದು ಇರಬೇಕು."

ಆಲ್ಬನ್ ಹುಡುಕಿ ತೆಗೆಯುವಷ್ಟರಲ್ಲಿ ಎಫಿ ಆ ಸಣ್ಣ ಕೋಣೆಯನ್ನು ಇಪ್ಪತ್ತು ಸಲ ಅಳೆದಿದ್ದಳು. ಕಾಲು ತಗುಲಿ ಒಂದು ಕುರಿ ಉರುಳಿ, ಅದರ ಕಿವಿ ಮುರಿದು ಬಿತ್ತು.

ಭಾನುವಾರ ಹತ್ತರಿಂದ ಹನ್ನೊಂದು. ಮೂರೇ ಸಾಲು. ಮೊದಲನೆಯದು ಈ ಯಂತ್ರ. ಎರಡನೆಯದು ಮೇಲಿನ ಪ್ರಿಂಟರ್. ಮೂರನೆಯದು: ‘ಹೆಕ್ಟರ್ ಜಾನಿ ಬಾನ್’.

"ಅದು ಕಡತದ ಹೆಸರು," ಎಂದ ಆಲ್ಬನ್. "ಎಲ್ಲೋ ಕಲಸಿಕೊಂಡಿದೆ."

"ವೈಫೈ ಪೆಟ್ಟಿಗೆಗೆ ಕಡತದ ಹೆಸರು ಹೇಗೆ ಗೊತ್ತಾಗುತ್ತೆ? ಅದಕ್ಕೆ ಕಾಣೋದು ಯಂತ್ರ, ಫೋನು."

ಆಲ್ಬನ್‌ನ ಮುಖದ ಬಣ್ಣ ಇಳಿಯಿತು. ಇಸ್ಪೀಟಿನ ಸಂಜೆಯೊಂದರಲ್ಲಿ, ಇಷ್ಟೊಂದು ಹೆಕ್ಟರ್‌ಗಳ ನಡುವೆ ಯಾವ ಫೋನು ಯಾರದೆಂದು ತಿಳಿಯದೆ, ಹೆಕ್ಟರ್‌ನ ಫೋನಿಗೆ ಅವನೇ ಆ ಹೆಸರನ್ನು ಹಾಕಿಕೊಟ್ಟಿದ್ದ. ಬಿಂಗೋ ಹಲಗೆ ನೋಡಿ ವೈಫೈಗೆ ಸೇರಿಸಿಕೊಟ್ಟವನೂ ಅವನೇ. ಒಮ್ಮೆ ಸೇರಿದ ಫೋನು ಮತ್ತೆ ಅಂಗಳಕ್ಕೆ ಬಂದರೆ ಯಾರನ್ನೂ ಕೇಳದೆ ತಾನೇ ಸೇರಿಕೊಳ್ಳುತ್ತದೆ.

"ಆ ಫೋನು ಕಡಲ ತಳದಲ್ಲಿದೆ, ಎಫಿ."

"ಹಾಗಂತ ಉನಾ ಹೇಳಿದಾಳೆ."

‘ಅಲೆ ಬಂತು, ಕೈಯಿಂದ ಕಿತ್ಕೊಂಡು ಹೋಯ್ತು.’ ಹೇಳಿಕೆಯ ಆ ಒಂದು ಮಾತು ಸುಳ್ಳಾದರೆ, ತೂಬಿನ ಬಗ್ಗೆ ಅವಳು ಆಡಿದ ಮಾತನ್ನೂ ಶುಕ್ರವಾರ ಯಾರೂ ನಂಬುವುದಿಲ್ಲ. ಎಫಿಗೇ ಈಗ ನಂಬುವುದು ಕಷ್ಟವಾಗುತ್ತಿತ್ತು.

"ಎಫಿ," ಎಂದ ಆಲ್ಬನ್. "ಪಟ್ಟಿ ನೋಡು. ಇವತ್ತಿನದು."

ಕೊನೆಗೆ ಹೊಸ ಸಾಲೊಂದು ಸೇರಿತ್ತು. ಬುಧವಾರ, ಎರಡು ಐವತ್ತೆಂಟು. ಹೆಕ್ಟರ್ ಜಾನಿ ಬಾನ್.

ನೆಲಮಟ್ಟದ ಕಿಟಕಿಯಾಚೆ ಜಲ್ಲಿಯ ಮೇಲೆ ಚಕ್ರಗಳ ಸದ್ದಾಯಿತು. ಒಂದಲ್ಲ, ಎರಡು ಗಾಡಿ. ಮುಂದಿನದು ಉನಾಳ ಹಳೇ ಪಿಕಪ್, ಹಿಂದೆ ಲಾಬ್‌ಸ್ಟರ್ ಬೋನುಗಳನ್ನು ಪೇರಿಸಿತ್ತು. ಅದರ ಬೆನ್ನಿಗೇ ವೆಂಡಲ್ ಕ್ರೂನ ವ್ಯಾನು. ಉನಾ ಕಾರ್ಖಾನೆಯ ರಬ್ಬರ್ ಬೂಟಿನಲ್ಲೇ ಇಳಿದಳು. ವೆಂಡಲ್ ಯಂತ್ರ ಒಯ್ಯಲು ಖಾಲಿ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಹಿಡಿದು ಇಳಿದ.

"ಹೆಕ್ಟರ್‌ನ ನಂಬರ್ ಹೇಳು," ಎಂದಳು ಎಫಿ.

"ರಿಂಗ್ ಆಗಲ್ಲ, ಅದು..."

"ನಂಬರ್."

ಅವನು ಹೇಳಿದ. ಅವಳು ಒತ್ತಿದಳು. ‘ಹೆಕ್ಟರ್ ಇಲ್ಲ’ ಎಂಬ ದನಿಗಾಗಿ ಕಾದಳು.

ದನಿ ಬರಲಿಲ್ಲ. ರಿಂಗ್ ಆಯಿತು.

ಅಂಗಳದಲ್ಲಿ ಪಿಟೀಲು ಶುರುವಾಯಿತು. ಮದುವೆ ಮನೆಯಲ್ಲಿ ಹೆಕ್ಟರ್ ಕುಣಿಯುತ್ತಿದ್ದ ಹಾಡು, ಅವನ ಫೋನಿನಲ್ಲಿ ಊರೆಲ್ಲ ಕೇಳಿದ್ದ ಹಾಡು. ಅದು ಬರುತ್ತಿದ್ದದ್ದು ಉನಾಳ ಪಿಕಪ್ಪಿನ ಹಿಂಬದಿಯಿಂದ, ಬೋನುಗಳ ಅಡಿಯಿಂದ.

ಉನಾ ನಿಂತಲ್ಲೇ ನಿಂತಳು. ನಿಧಾನವಾಗಿ ತಿರುಗಿ ತನ್ನದೇ ಗಾಡಿಯನ್ನು ನೋಡಿದಳು.

ವೆಂಡಲ್ ಮಾತ್ರ, ಸದ್ದು ಎಲ್ಲಿಂದ ಬರುತ್ತದೆಂದು ಮೊದಲೇ ಗೊತ್ತಿದ್ದವನ ಹಾಗೆ, ಗಾಡಿಯ ಕಡೆ ತಿರುಗಲೇ ಇಲ್ಲ. ಅಷ್ಟು ಜೋರಾಗಿ ಪಿಟೀಲು ನುಡಿಯುತ್ತಿದ್ದರೂ ಅವನು ನೋಡುತ್ತಿದ್ದದ್ದು ಕೆಳಗಿನ ಸಣ್ಣ ಕಿಟಕಿಯನ್ನು, ಅದರ ಹಿಂದೆ ಫೋನು ಕಿವಿಗಿಟ್ಟು ನಿಂತಿದ್ದ ಎಫಿಯನ್ನು.